ಅಮ್ಮನನ್ನು ಗೇಟಿನಲ್ಲೇ ತಡೆದವರಿಗೆ

ಇವರಿಗೆ,
ರೋಗನಿರೋಧಕ ಶಕ್ತಿಯವರು,
ಮುಖ್ಯ ಕಾವಲು ಅಧಿಕಾರಿಗಳು,
ಕೇಂದ್ರ ಕಚೇರಿ: ಮೂಳೆಯ ಮಜ್ಜೆ. ಶಾಖೆಗಳು: ಗುಲ್ಮ, ಕುತ್ತಿಗೆ, ಕಂಕುಳು, ತೊಡೆಸಂದು ಮತ್ತು ಇತರೆಡೆ.

ಮಾನ್ಯರೇ,

ವಿಷಯ: ತಮ್ಮ ಅತಿಯಾದ ಕರ್ತವ್ಯನಿಷ್ಠೆಯಿಂದ ಉಂಟಾಗಿರುವ ತೊಂದರೆಯ ಕುರಿತು.
ಉಲ್ಲೇಖ: 2019ರಿಂದ ನನ್ನ ಹೊಟ್ಟೆಯ ಬಲಗಡೆ ವಾಸವಾಗಿರುವ, ಅಮ್ಮನ ಒಂದು ಕಿಡ್ನಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ... ಕ್ಷಮಿಸಿ, ಹೀಗೆ ಶುರುಮಾಡದೆ ನನಗೆ ಪತ್ರ ಬರೆಯಲು ಬರುವುದಿಲ್ಲ. ಸಾಗರದ ಕಡೆಯ ಒಂದು ಸಹಕಾರಿ ಸೊಸೈಟಿಯಲ್ಲಿ ಗುಮಾಸ್ತೆ ನಾನು. ಸಾಲದ ಕಂತು ತಪ್ಪಿಸಿದವರಿಗೆ, ಅಡಿಕೆ ಮೂಟೆ ತಂದು ಹಾಕಿ ರಸೀದಿ ಮರೆತು ಹೋದವರಿಗೆ ನೋಟಿಸು ಬರೆಯುವುದೇ ನನ್ನ ಕೆಲಸ. ಊರವರಿಗೆಲ್ಲ ಬರೆದೆ, ಒಳಗೇ ಇರುವ ತಮಗೆ ಮಾತ್ರ ಬರೆದಿರಲಿಲ್ಲ. ತಾವು ಓದುವವರಲ್ಲ ಎಂದು ಗೊತ್ತು. ತಮಗೆ ಬರುವುದು ಎರಡೇ ಮಾತು: ನಮ್ಮವರು, ನಮ್ಮವರಲ್ಲ. ಹಾಗಾಗಿ ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ತಮ್ಮನ್ನು ಹಗಲೂ ರಾತ್ರಿ ಹೊಗಳುವ ನಾಲ್ಕು ಜನ ಓದಿದರೂ ಸಾಕು.

ಹೊಗಳುವವರಿಗೇನು ಬರ? ನನಗೆ ಕಸಿಯಾಗಿ ವರ್ಷ ತುಂಬುವಷ್ಟರಲ್ಲಿ ಕೊರೋನಾ ಬಂತು, ತಮ್ಮ ಅದೃಷ್ಟ ಖುಲಾಯಿಸಿತು. ಅಲ್ಲಿಯವರೆಗೆ ವೈದ್ಯರ ಪುಸ್ತಕದಲ್ಲಿದ್ದ ತಾವು ರಾತ್ರಿ ಬೆಳಗಾಗುವುದರಲ್ಲಿ ಮನೆಮಾತಾದಿರಿ. ಚಹಾಪುಡಿಯೂ ತಮ್ಮನ್ನು ಹೆಚ್ಚಿಸುತ್ತಿತ್ತು, ಬಿಸ್ಕತ್ತೂ ಹೆಚ್ಚಿಸುತ್ತಿತ್ತು. ನಮ್ಮ ಕೇರಿಯ ಬೇಲಿಗಳ ಮೇಲೆ ಒಂದು ಮೊಳ ಅಮೃತಬಳ್ಳಿ ಉಳಿಯಲಿಲ್ಲ. ಕಷಾಯದ ಚೊಂಬು ಮನೆಯಿಂದ ಮನೆಗೆ ತಿರುಗುತ್ತ ನಮ್ಮ ಮನೆಗೂ ಬಂತು. "ಕುಡಿ ಮಾರಾಯ್ತಿ, ಇಮ್ಯುನಿಟಿ ಬರ್ತದೆ" ಎಂದರು ದೊಡ್ಡಮ್ಮ. "ಬರೋದು ಬೇಡ ದೊಡ್ಡಮ್ಮ, ಇರೋದನ್ನೇ ಮಲಗಿಸಲಿಕ್ಕೆ ಸಂಬಳದ ಮೂರನೇ ಒಂದು ಪಾಲು ಔಷಧಿ ಅಂಗಡಿಗೆ ಕೊಡ್ತಿದ್ದೇನೆ" ಎಂದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಊರೆಲ್ಲ ಕಳ್ಳರ ಭಯಕ್ಕೆ ನಾಯಿ ಸಾಕುತ್ತಿರುವಾಗ ಈ ಹುಡುಗಿ ಮನೆನಾಯಿಗೆ ದಿನಕ್ಕೆರಡು ಹೊತ್ತು ನಿದ್ದೆಮಾತ್ರೆ ಹಾಕುತ್ತಾಳಂತೆ!

ಯಾಕೆ ಹಾಕುತ್ತಾಳೆ ಎನ್ನುವುದಕ್ಕೆ ತಮ್ಮ ಸೇವಾ ಪುಸ್ತಕವನ್ನೇ ತೆರೆಯಬೇಕು.

ನಾನಾಗ ಪಿಯುಸಿ. ಗಂಟಲು ನೋವು ಬಂದ ಮರುದಿನವೇ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಉಷ್ಣ ಆಗಿದೆ, ಎಳನೀರು ಕುಡಿಸಿ ಎಂದರು. ಕುಡಿದೆ, ಬಣ್ಣ ತಿಳಿಯಾಯಿತು. ಆರು ತಿಂಗಳಿಗೆ ಮತ್ತೆ ಗಂಟಲು, ಮತ್ತೆ ಡಿಕಾಕ್ಷನ್, ಮತ್ತೆ ಎಳನೀರು. ಪದವಿಯ ಎರಡನೇ ವರ್ಷ ಬೆಳಗ್ಗೆ ಎದ್ದರೆ ಕಣ್ಣಿನ ಕೆಳಗೆ ಊತ, ಮಾಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಬಿಪಿ ಅಪ್ಪಯ್ಯನಿಗಿಂತ ಹೆಚ್ಚು. ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ನೋಡಿದ ಮೇಲೆ ತಮ್ಮ ಕೈವಾಡ ಬಯಲಾಯಿತು. ಐಜಿಎ ನೆಫ್ರೋಪತಿ. 1968ರಲ್ಲಿ ಪ್ಯಾರಿಸ್ಸಿನ ಜಾನ್ ಬರ್ಜೆ ಎಂಬ ವೈದ್ಯರು ಮೊದಲು ಗುರುತಿಸಿದ ಕಾಯಿಲೆ. ಗಂಟಲಿಗೆ ಬಂದ ಸಣ್ಣ ಸೋಂಕಿಗೆ ತಾವು ಕಳಿಸಿದ ಆಯುಧಗಳಲ್ಲಿ ಕೆಲವು ತಯಾರಿಕೆಯಲ್ಲೇ ದೋಷವಿದ್ದವು. ಗುರಿ ಮುಟ್ಟದೆ ಕಿಡ್ನಿಯ ಜರಡಿಗಳಲ್ಲಿ ಹೋಗಿ ಕೂತವು. ಅಲ್ಲಿ ಉರಿ ಹತ್ತಿತು. ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಜರಡಿಗಳಿರುತ್ತವಂತೆ. ಅಷ್ಟನ್ನು ಹಾಳುಮಾಡಲು ತಮಗೆ ನಾಲ್ಕೇ ವರ್ಷ ಸಾಕಾಯಿತು. ನೆಗಡಿಯ ಕಳ್ಳನನ್ನು ಹಿಡಿಯಲು ಹೋಗಿ ಮನೆಗೇ ಬೆಂಕಿಯಿಟ್ಟ ಕಾವಲುಗಾರರಿಗೆ ನಮ್ಮ ಸೊಸೈಟಿಯಲ್ಲಾದರೆ ಅಮಾನತು. ತಮ್ಮ ಮೇಲಧಿಕಾರಿ ಯಾರೆಂದೇ ಗೊತ್ತಿಲ್ಲದ್ದರಿಂದ ದೂರು ಕೊಡಲಾಗಲಿಲ್ಲ.

ಡಯಾಲಿಸಿಸ್ಸಿನ ದಿನಗಳನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ಅದಕ್ಕೆಂದೇ ಎಡಗೈಯಲ್ಲಿ ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾ ಈಗಲೂ ಕಿವಿಗಿಟ್ಟರೆ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತದೆ. ಕುಡಿಸಿ ಕುಡಿಸಿ ಎಂದ ಎಳನೀರನ್ನು ಪೊಟ್ಯಾಸಿಯಮ್ ಎಂಬ ಹೆಸರಿನಲ್ಲಿ ಮೊದಲು ನಿಲ್ಲಿಸಿದ್ದು ಅಲ್ಲೇ.

ಆಮೇಲೆ ಅಮ್ಮ ತನ್ನದೊಂದು ಕೊಡುತ್ತೇನೆ ಎಂದಳು. ತೋಟದ ಮೂಲೆಯ ಒಂದು ಗಿಡ ಕಿತ್ತು ಕೊಡುತ್ತೇನೆ ಎಂದಷ್ಟು ಸಲೀಸಾಗಿ ಎಂದಳು. ಆದರೆ ಕೊಡುವುದು ಸಲೀಸಲ್ಲ. 1994ರ ಅಂಗಾಂಗ ಕಸಿ ಕಾಯ್ದೆ ಅಂಗದ ವ್ಯಾಪಾರ ತಡೆಯಲೆಂದೇ ಹುಟ್ಟಿದ್ದು, ಅದರ ಕಣ್ಣಿಗೆ ಮೊದಲು ಎಲ್ಲರೂ ಅನುಮಾನಿತರು. ಅಮ್ಮ ನನ್ನ ಅಮ್ಮ ಎನ್ನುವುದಕ್ಕೆ ಪುರಾವೆ ಕೊಡಬೇಕಿತ್ತು. ನಾಡಕಚೇರಿಯಿಂದ ವಂಶವೃಕ್ಷ, ರೇಷನ್ ಕಾರ್ಡು, ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಹಳೆಯ ಫೋಟೋಗಳು. ನನ್ನ ನಾಮಕರಣದ ಫೋಟೋದಲ್ಲಿ ಅಮ್ಮನ ಮುಖಕ್ಕೆ ಅರ್ಧ ಸೆರಗು ಅಡ್ಡ ಬಂದಿತ್ತು, ಅದು ನಡೆಯಲಿಲ್ಲ. ದಾನಿ ಹೆಂಗಸಾದರೆ ಹೆಚ್ಚಿನ ಎಚ್ಚರ ವಹಿಸಬೇಕೆಂದು ನಿಯಮದಲ್ಲೇ ಇದೆ. ಒಳ್ಳೆಯ ನಿಯಮ, ಯಾಕೆ ಒಳ್ಳೆಯದು ಎಂದು ಮುಂದೆ ಹೇಳುತ್ತೇನೆ. ಅಮ್ಮನನ್ನು ಒಬ್ಬಳನ್ನೇ ಕೂರಿಸಿ, ಕ್ಯಾಮೆರಾ ಇಟ್ಟು, "ಯಾರಾದರೂ ಒತ್ತಾಯ ಮಾಡಿದಾರಾ?" ಎಂದು ಕೇಳಿದರಂತೆ. "ಹೌದು, ಬೇಡ ಅಂತ ಇವಳೇ ಒತ್ತಾಯ ಮಾಡ್ತಾ ಇದಾಳೆ" ಎಂದಳಂತೆ ಅಮ್ಮ.

ಸರ್ಕಾರ ಒಪ್ಪಿತು, ಸಮಿತಿ ಒಪ್ಪಿತು. ಒಪ್ಪದೆ ಉಳಿದವರು ತಾವೊಬ್ಬರೇ.

ನಮ್ಮಲ್ಲಿ ಮದುವೆಗೆ ಜಾತಕದಲ್ಲಿ ಮೂವತ್ತಾರಕ್ಕೆ ಹದಿನೆಂಟು ಗುಣ ಕೂಡಿದರೆ ನಡೆಯುತ್ತದೆ ಎನ್ನುತ್ತಾರೆ. ಅಂಗಾಂಗಕ್ಕೂ ಒಂದು ಜಾತಕವಿದೆ, ಎಚ್‌ಎಲ್‌ಎ ಎಂದು ಹೆಸರು. ಆರರ ಲೆಕ್ಕದಲ್ಲಿ ಅಮ್ಮನಿಗೂ ನನಗೂ ಕೂಡಿದ್ದು ಮೂರು. ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ ಬರುವುದರಿಂದ ಅದು ಅಷ್ಟೇ ಬರುವುದು ಲೋಕರೂಢಿ. ಪುರೋಹಿತರಾಗಿದ್ದರೆ ಲಗ್ನ ಗೊತ್ತುಮಾಡಿಬಿಡುತ್ತಿದ್ದರು. ತಾವು ಉಳಿದ ಮೂರನ್ನು ಹಿಡಿದುಕೊಂಡು ಇವತ್ತಿಗೂ ಗೇಟಿನಲ್ಲಿ ಕೂತಿದ್ದೀರಿ.

ಇಲ್ಲೊಂದು ಮಾತು ತಮ್ಮನ್ನು ಕೇಳಲೇಬೇಕು. ನಾನು ಅಮ್ಮನ ಹೊಟ್ಟೆಯಲ್ಲಿ ಒಂಬತ್ತು ತಿಂಗಳು ಇದ್ದೆ. ನನ್ನಲ್ಲಿ ಅರ್ಧ ಅಪ್ಪಯ್ಯನದು, ಅಂದರೆ ಅಮ್ಮನ ಕಾವಲುಗಾರರ ಲೆಕ್ಕದಲ್ಲಿ ಶುದ್ಧ ಹೊರಗಿನವಳು. ಒದ್ದೆ, ಹೊರಳಾಡಿದೆ, ಅವಳು ತಿಂದದ್ದರಲ್ಲಿ ಪಾಲು ತಿಂದೆ, ಮೂರು ಕೆಜಿ ಬೆಳೆದೆ. ಅವಳ ಕಾವಲಿನವರು ಚಕಾರ ಎತ್ತಲಿಲ್ಲ. ಈ ಒಗಟನ್ನು ಪೀಟರ್ ಮೆಡವಾರ್ 1953ರಲ್ಲೇ ಕೇಳಿದ್ದರು. ಬೇರೆಯವರ ಚರ್ಮವನ್ನು ಮೈ ಯಾಕೆ ಉದುರಿಸುತ್ತದೆ ಎಂದು ಹುಡುಕುತ್ತ ತಮ್ಮ ಜಾತಕ ಬಿಡಿಸಿದವರು ಅವರು, 1960ರಲ್ಲಿ ನೊಬೆಲ್ ಕೂಡ ಬಂತು. ಬಸಿರೆಂಬ ಆ ರಾಜಿ ಪಂಚಾಯಿತಿ ಹೇಗೆ ನಡೆಯುತ್ತದೆಂದು ಇನ್ನೂ ಬಿಡಿಸುತ್ತಲೇ ಇದ್ದಾರೆ. ನಾನು ಕೇಳುವುದು ವಿಜ್ಞಾನವಲ್ಲ, ಋಣದ ಪ್ರಶ್ನೆ. ಅಮ್ಮನ ಮನೆಯಲ್ಲಿ ನಾನು ಇಡಿಯಾಗಿ ಒಂಬತ್ತು ತಿಂಗಳು ಬಾಡಿಗೆಯಿಲ್ಲದೆ ಇದ್ದು ಬಂದೆ. ಅವಳ ಮುಷ್ಟಿಗಾತ್ರದ ಒಂದು ತುಂಡು ನನ್ನ ಮನೆಗೆ ಬಂದರೆ ತಮಗೆ ಗುರುತಿನ ಚೀಟಿ ಬೇಕೆ?

ತಮ್ಮನ್ನು ಏಮಾರಿಸಿದವರೂ ಇದ್ದಾರೆ, ಅದನ್ನು ತಿಳಿಸುವುದು ನನ್ನ ಧರ್ಮ. 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಮತ್ತವರ ಸಂಗಡಿಗರು ಒಬ್ಬನ ಕಿಡ್ನಿ ಇನ್ನೊಬ್ಬನಿಗೆ ಹಾಕಿ ಗೆದ್ದರು. ಕೊಟ್ಟ ರೊನಾಲ್ಡ್ ಹೆರಿಕ್, ಪಡೆದ ರಿಚರ್ಡ್ ಹೆರಿಕ್ ತದ್ರೂಪಿ ಅವಳಿಗಳು. ಮೊದಲು ಒಬ್ಬನ ಚರ್ಮದ ಚೂರು ಇನ್ನೊಬ್ಬನಿಗೆ ಅಂಟಿಸಿ, ತಮ್ಮಂಥವರು ಗುರುಗುಟ್ಟುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಮುಂದುವರಿದರು. ಅದೇ ವರ್ಷ ನಮ್ಮಲ್ಲಿ 'ಬೇಡರ ಕಣ್ಣಪ್ಪ' ತೆರೆಗೆ ಬಂದಿತ್ತು, ರಾಜ್‌ಕುಮಾರ್ ಶಿವನಿಗೆ ಕಣ್ಣು ಕಿತ್ತುಕೊಟ್ಟಿದ್ದರು. ಐವತ್ತೆರಡು ವರ್ಷದ ಮೇಲೆ, 2006ರಲ್ಲಿ, ಅದೇ ಕಣ್ಣುಗಳನ್ನು ನಿಜವಾಗಿಯೂ ಕೊಟ್ಟು ಹೋದರು. 2021ರಲ್ಲಿ ಮಗ ಪುನೀತ್ ಕೊಟ್ಟ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಕಣ್ಣಿನ ಮುಂಭಾಗದ ಆ ಪಾರದರ್ಶಕ ಪೊರೆಯಲ್ಲಿ ರಕ್ತನಾಳಗಳಿಲ್ಲ, ತಮ್ಮ ಗಸ್ತು ಅಲ್ಲಿಗೆ ಸರಿಯಾಗಿ ಬರುವುದಿಲ್ಲ. ಕಣ್ಣಪ್ಪನಿಗೆ ಇದು ಗೊತ್ತಿತ್ತೋ ಏನೋ, ಕಿಡ್ನಿಯ ಗೋಜಿಗೆ ಹೋಗಲಿಲ್ಲ.

ಅವಳಿಯೂ ಅಲ್ಲದ, ಕಣ್ಣೂ ಬೇಡದ ನಮ್ಮಂಥವರಿಗೆ ಉಳಿದದ್ದು ತಮಗೆ ಮದ್ದು ಹಾಕುವ ದಾರಿ. ಜಪಾನಿನಲ್ಲಿ ತ್ಸುಕುಬಾ ಎಂದೊಂದು ಬೆಟ್ಟವಿದೆ. ಅದರ ಬುಡದ ಮಣ್ಣಿನಲ್ಲಿ ಸಿಕ್ಕಿದ ಒಂದು ಸೂಕ್ಷ್ಮಜೀವಿ ಉತ್ಪತ್ತಿ ಮಾಡುವ ವಸ್ತುವನ್ನು 1984ರಲ್ಲಿ ಗುರುತಿಸಿದರು. ಬೆಟ್ಟದ ಹೆಸರಿನ ಮೊದಲ ಅಕ್ಷರ ಸೇರಿಸಿಕೊಂಡು ಅದು ಟ್ಯಾಕ್ರೋಲಿಮಸ್ ಆಯಿತು, ನಮ್ಮ ಓಪಿಡಿಯಲ್ಲಿ ಬರೀ ಟ್ಯಾಕ್ರೋ. ಮಣ್ಣಿನಲ್ಲಿ ಅಡಿಕೆ, ಏಲಕ್ಕಿ, ಕಾಳುಮೆಣಸು ಬೆಳೆಯುವ ವಂಶದವಳಾಗಿ ನನಗೆ ಆ ಬೆಟ್ಟದ ಮೇಲೆ ಗೌರವವಿದೆ. ಬೆಳಗ್ಗೆ ಒಂಬತ್ತಕ್ಕೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ, ಆ ಮಣ್ಣಿನ ಪ್ರಸಾದ. ಜೊತೆಗೆ ಮೈಕೋಫಿನೊಲೇಟ್, ಜೊತೆಗೆ ಸ್ಟೀರಾಯ್ಡ್. ಟ್ಯಾಕ್ರೋ ಕಡಿಮೆಯಾದರೆ ತಾವು ಏಳುತ್ತೀರಿ. ಹೆಚ್ಚಾದರೆ ಅದೇ ಕಿಡ್ನಿಯನ್ನು ಸವೆಸುತ್ತದೆ. ಕಿಡ್ನಿ ಕಾಯಲು ತಂದ ಮದ್ದು ಕಿಡ್ನಿಗೇ ವಿಷ! ತಮ್ಮಂಥ ಕಾವಲಿಗೆ ಅಂಥದ್ದೇ ಮದ್ದು, ಈಡು ಜೋಡು. ರಕ್ತದಲ್ಲಿ ಅದರ ಲೆವೆಲ್ ಎಷ್ಟಿರಬೇಕೆಂದು ನನಗೆ ಡಾಕ್ಟರು ಹಾಕಿಕೊಟ್ಟಿರುವ ಗೆರೆ ಐದರಿಂದ ಎಂಟು. ಅದರ ನಡುವೆ ಆರೂವರೆ ಬಂದ ತಿಂಗಳು ಅಮ್ಮ ಕೇಸರಿಬಾತ್ ಮಾಡುತ್ತಾಳೆ.

ಈಗ ಲೆವೆಲ್ ನೋಡುವ ದಿನದ ವಿಚಾರ. ತಾವು ಒಳಗೇ ಕೂತು ಬರುವುದರಿಂದ ಆ ದಿನದ ಕಷ್ಟ ತಮಗೆ ತಿಳಿದಿರಲಾರದು.

ಮೊದಲು ರಜೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ನಾಲ್ಕು ನಿಮಿಷದ ಡಾಕ್ಟರ ದರ್ಶನಕ್ಕೆ ಮೂರು ದಿನ. ಅರ್ಜಿ ಕೊಟ್ಟಾಗಲೆಲ್ಲ ಕಾರ್ಯದರ್ಶಿಗಳು ಕನ್ನಡಕದ ಮೇಲಿಂದ ನೋಡಿ, "ನೋಡಿದ್ರೆ ಗಟ್ಟಿಮುಟ್ಟಾಗೇ ಇದ್ದೀಯಲ್ಲ" ಎನ್ನುತ್ತಾರೆ. ಸ್ಟೀರಾಯ್ಡಿನಿಂದ ಕೆನ್ನೆ ತುಂಬಿಕೊಂಡಿರುವುದನ್ನು ಅವರು ಆರೋಗ್ಯ ಎಂದುಕೊಂಡಿದ್ದಾರೆ. ಊರಿನಲ್ಲಿ ಹಲವರು ಹಾಗೇ ಅಂದುಕೊಂಡಿದ್ದಾರೆ, ಬೆಂಗಳೂರಿನ ನೀರು ಹಿಡಿಸಿದೆ ಎಂದವರೂ ಇದ್ದಾರೆ. ತಾಳಗುಪ್ಪದಿಂದ ಬರುವ ರಾತ್ರಿ ರೈಲು, ಸಾಗರದಲ್ಲಿ ಹತ್ತುತ್ತೇನೆ. ಕೆಳಗಿನ ಬರ್ತು ನನ್ನದಾದರೆ ಯಾರಾದರೂ ಹಿರಿಯರು ಬಂದು, "ಚಿಕ್ಕ ವಯಸ್ಸಿನವಳು, ಮೇಲೆ ಹತ್ತಮ್ಮ" ಎನ್ನುತ್ತಾರೆ. ಹೊಟ್ಟೆಯ ಬಲಗಡೆ ಅಮ್ಮ ಇದ್ದಾಳೆ, ಕಬ್ಬಿಣದ ಏಣಿ ಅವಳಿಗೆ ಒತ್ತುತ್ತದೆ ಎಂದು ಅಪರಿಚಿತರಿಗೆ ಹೇಳುವುದು ಹೇಗೆ? ಹತ್ತುತ್ತೇನೆ. ಆನಂದಪುರದ ಆಸುಪಾಸಿನಲ್ಲಿ ಫೋನು ಬಡಿದುಕೊಳ್ಳುತ್ತದೆ, ಒಂಬತ್ತು. ಕತ್ತಲಲ್ಲೇ ಡಬ್ಬಿ ತೆರೆದು ತಮ್ಮ ಪಾಲಿನದನ್ನು ತಮಗೆ ಸಲ್ಲಿಸುತ್ತೇನೆ.

ಲೆವೆಲ್ಲಿಗೆ ರಕ್ತ ಕೊಡುವುದು ರಾತ್ರಿಯ ಮಾತ್ರೆಯಿಂದ ಹನ್ನೆರಡು ಗಂಟೆಯ ತುದಿಯಲ್ಲಿ, ಬೆಳಗಿನ ಮಾತ್ರೆ ನುಂಗುವ ಮೊದಲು. ಒಂಬತ್ತಕ್ಕೆ ಸರಿಯಾಗಿ ಸೂಜಿ, ಮರುಕ್ಷಣ ಮಾತ್ರೆ. ಪುಸ್ತಕದಲ್ಲಿ ಹೀಗಿದೆ. ಆದರೆ ರಕ್ತ ತೆಗೆಯುವ ಕಿಟಕಿಯ ಮುಂದೆ ಟೋಕನ್ ಎಂಬ ಬೇರೊಂದು ಗ್ರಹಗತಿ ನಡೆಯುತ್ತಿರುತ್ತದೆ. ನನ್ನದು ತೊಂಬತ್ತೆರಡು, ಫಲಕದಲ್ಲಿ ಮೂವತ್ತೇಳು. ಮುಂಚೆ ಬಿಲ್ಲು ಮಾಡಿಸಿ ಬರಬೇಕು. ಬಿಲ್ಲಿಗೆ ಡಾಕ್ಟರ ಚೀಟಿ ಬೇಕು. ಡಾಕ್ಟರು ಬರುವುದು ಹನ್ನೊಂದಕ್ಕೆ. ಹಾಗಾಗಿ ಹಿಂದಿನ ಸಲವೇ ಈ ಸಲದ ಚೀಟಿ ಬರೆಸಿಕೊಂಡಿರಬೇಕು ಎಂಬ ಗುಟ್ಟನ್ನು ನನಗೆ ಕಲಿಸಿದವರು ಚಿತ್ರದುರ್ಗದ ಕಡೆಯ ಒಬ್ಬ ಅಜ್ಜ. ಕಸಿಯಾಗಿ ಹದಿನಾಲ್ಕು ವರ್ಷವಾಗಿದ್ದ ಅವರು ಆ ಓಪಿಡಿಯ ಪೀಠಾಧಿಪತಿ ಇದ್ದಂತೆ. ಯಾವ ಕಿಟಕಿಯಲ್ಲಿ ಚಿಲ್ಲರೆ ಕೇಳುತ್ತಾರೆ, ಯಾವ ಸಿಸ್ಟರಿಗೆ ನರ ಒಂದೇ ಸಲಕ್ಕೆ ಸಿಗುತ್ತದೆ, ಎಲ್ಲ ಬಾಯಿಪಾಠ. ಫಿಸ್ಟುಲಾ ಇರುವ ಕೈ ಮುಂದೆ ಚಾಚಿದರೆ ಬೆನ್ನಿಗೊಂದು ಏಟು ಹಾಕಿ, "ಆ ಕೈಯಲ್ಲ ಮಗಾ, ಅದು ಆಪದ್ಧನ" ಎನ್ನುತ್ತಿದ್ದರು.

ಆ ಓಪಿಡಿಯಲ್ಲಿ ಊಟ ಆಯ್ತಾ ಎಂದು ಯಾರೂ ಕೇಳುವುದಿಲ್ಲ. "ಎಷ್ಟಿದೆ?" ಎಂದು ಕೇಳುತ್ತಾರೆ. ಎಷ್ಟು ಎಂದರೆ ಕ್ರಿಯಾಟಿನಿನ್, ಕಿಡ್ನಿ ಸೋಸದೆ ರಕ್ತದಲ್ಲಿ ಉಳಿಸಿದ ಕಸದ ಲೆಕ್ಕ. "ಒಂದು ಪಾಯಿಂಟ್ ಒಂದು." "ಅಯ್ಯೋ, ರಾಣಿ!" ಎನ್ನುತ್ತಾರೆ. ಹೊರಗಿನ ಲೋಕದಲ್ಲಿ ನನ್ನ ಓರಗೆಯವರು ಸಂಬಳದ ಅಂಕಿ ಹೋಲಿಸಿಕೊಳ್ಳುವಾಗ ನಾವು ಇಲ್ಲಿ ಈ ಸಣ್ಣ ಅಂಕಿಗೆ ಹೊಟ್ಟೆಕಿಚ್ಚುಪಡುತ್ತೇವೆ. ಇಲ್ಲಿ ಅಂಕಿ ಸಣ್ಣದಾದಷ್ಟೂ ಮನುಷ್ಯ ದೊಡ್ಡವನು.

ತೊಂಬತ್ತೆರಡು ಬರುವ ಹೊತ್ತಿಗೆ ಹತ್ತೂಕಾಲು. ಮಾತ್ರೆ ಕೈಯಲ್ಲೇ ಬೆವೆತಿರುತ್ತದೆ. ಆ ಒಂದೂಕಾಲು ಗಂಟೆ ತಾವು ಒಳಗೆ ಕಣ್ಣು ಬಿಡುತ್ತಿದ್ದೀರೋ, ಮೈಮುರಿಯುತ್ತಿದ್ದೀರೋ ಎಂದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿರುತ್ತೇನೆ. ಕಾಫಿ ಮಾರುವವ ಮೂರು ಸಲ ಬಂದು ಹೋಗುತ್ತಾನೆ. ಕೊನೆಗೆ ಡಾಕ್ಟರು. ಒಳ್ಳೆಯವರು. ಆದರೆ ಅವರ ಹಿಂದೆ ಇನ್ನೂ ಅರವತ್ತು ಫೈಲು. ಕಂಪ್ಯೂಟರಿನತ್ತ ಮುಖ ಮಾಡಿ, "ಏನಾದರೂ ತೊಂದರೆ?" ಎನ್ನುತ್ತಾರೆ. ಮೂರು ತಿಂಗಳಿಂದ ಮನಸ್ಸಿನಲ್ಲಿ ಕೂಡಿಟ್ಟದ್ದು ಹನ್ನೊಂದು ಪ್ರಶ್ನೆ. ಕೈ ನಡುಗಿ ಲೆಡ್ಜರಿನಲ್ಲಿ ಏಳು ಒಂದರಂತೆ ಕಾಣುತ್ತದೆ, ಕೂದಲು ಬಾಚಣಿಗೆಗೆ ಬರುತ್ತದೆ, ಈ ಕಿಡ್ನಿ ಎಷ್ಟು ವರ್ಷ, ಹಳೆಯ ಕಾಯಿಲೆ ಇದಕ್ಕೂ ಬರುತ್ತದೆಯೆ. "ಇಲ್ಲ ಸಾರ್, ಚೆನ್ನಾಗಿದ್ದೇನೆ" ಎಂದು ಎದ್ದು ಬರುತ್ತೇನೆ. ಹೀಗೆ ಎದ್ದು ಬರುವುದು ಅವರ ತಪ್ಪೋ ನನ್ನದೋ, ಪ್ರತಿ ಸಲ ರೈಲಿನಲ್ಲಿ ಯೋಚಿಸುತ್ತೇನೆ. ಅಜ್ಜನಾದರೆ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಡಾಕ್ಟರ ಕೈಗೇ ಕೊಡುತ್ತಿದ್ದರು. ಹೋದ ವರ್ಷದಿಂದ ಅವರ ಕುರ್ಚಿಯಲ್ಲಿ ಬೇರೆ ಯಾರೋ ಕೂರುತ್ತಾರೆ. ನಾನು ಯಾರನ್ನೂ ವಿಚಾರಿಸಿಲ್ಲ.

ತಿನ್ನುವ ವಿಷಯಕ್ಕೆ ಬಂದರೆ ತಮ್ಮಿಂದಾಗಿ ನಾನು ನೆಂಟರಿಷ್ಟರಲ್ಲಿ ಜಂಬಗಾರ್ತಿ ಎನಿಸಿಕೊಂಡಿದ್ದೇನೆ. ಚಿಕ್ಕಮ್ಮ ಬೆಂಗಳೂರಿನಿಂದ ಬರುವಾಗ ಪ್ರೀತಿಯಿಂದ ದೇವನಹಳ್ಳಿಯ ಚಕ್ಕೋತ ತಂದಿದ್ದರು. ಭೌಗೋಳಿಕ ಗುರುತು ಪಡೆದ, ಹೆಸರಾಂತ ಹಣ್ಣು. ಆದರೆ ಚಕ್ಕೋತದ ಕುಲದ ಹಣ್ಣುಗಳು ಕರುಳಿನಲ್ಲಿ ಟ್ಯಾಕ್ರೋವನ್ನು ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತವೆ, ಲೆವೆಲ್ ನೆಗೆದುಬಿಡುತ್ತದೆ. ನಾಲ್ಕು ತೊಳೆಗೆ ಇಷ್ಟೆಲ್ಲ ರಾಮಾಯಣವೇ ಎಂದು ಚಿಕ್ಕಮ್ಮ ಮುನಿಸಿಕೊಂಡರು. ಹಿತ್ತಿಲ ದಾರೆಹುಳಿಯೂ ಇಲ್ಲ, ಅದು ಕಿಡ್ನಿಯವರಿಗೆ ಕಡುವೈರಿ. ಆಲೆಮನೆ ಬಂದಾಗ ಗಾಣದ ಬುಡದಲ್ಲಿ ಊರೆಲ್ಲ ನಿಂತು ಕಬ್ಬಿನ ಹಾಲು ಕುಡಿಯುತ್ತದೆ, ನಾನು ಮಾಸ್ಕು ಹಾಕಿಕೊಂಡು ಕುದಿಯುವ ಕೊಪ್ಪರಿಗೆಯ ಹತ್ತಿರ ನಿಂತು ಬೆಲ್ಲವಾಗುವುದನ್ನೇ ಕಾಯುತ್ತೇನೆ. ಕುದ್ದದ್ದಕ್ಕೆ ಅಡ್ಡಿಯಿಲ್ಲ. ಬೇಸಿಗೆಯಲ್ಲಿ ಕಾಡಿನ ಅಂಚಿಗೆ ಹೋಗುವ ಹಾಗಿಲ್ಲ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಪತ್ತೆಯಾಗಿ ಊರಿನ ಹೆಸರನ್ನೇ ಲೋಕದ ವೈದ್ಯಶಾಸ್ತ್ರಕ್ಕೆ ಕೊಟ್ಟ ಮಂಗನ ಕಾಯಿಲೆ ನಮ್ಮ ನೆರೆಹೊರೆಯದು. ನಾನು ಡಯಾಲಿಸಿಸ್ಸಿನಲ್ಲಿದ್ದ 2018-19ರಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡಿನ ಸುತ್ತ ಅದಕ್ಕೆ ಜನ ಸತ್ತರು. ಅದನ್ನು ಹರಡುವ ಉಣುಗು ಕಚ್ಚಿದರೆ ಉಳಿದವರಿಗೆ ತಾವಿದ್ದೀರಿ. ನನಗೆ ತಾವು ಇದ್ದೂ ಇಲ್ಲ. ನಾನೇ ಮಲಗಿಸಿದ್ದೇನಲ್ಲ.

ಮದುವೆಯ ಮಾತೂ ಬಂದಿತ್ತು. ಜಾತಕದಲ್ಲಿ ಇಪ್ಪತ್ನಾಲ್ಕು ಗುಣ ಕೂಡಿತ್ತು. ಕಿಡ್ನಿ ವಿಷಯ ಕೂಡಲಿಲ್ಲ. ಹುಡುಗನ ಸೋದರಮಾವ ಮೆಲ್ಲಗೆ, "ಮುಂದೆ ಮತ್ತೆ ಬೇಕಾದ್ರೆ ಯಾರು ಕೊಡೋದು?" ಎಂದರು. ಪ್ರಾಮಾಣಿಕ ಪ್ರಶ್ನೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಈ ದೇಶದಲ್ಲಿ ಬದುಕಿರುವಾಗಲೇ ಕಿಡ್ನಿ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ನಮ್ಮ ಓಪಿಡಿಯಲ್ಲಿ ಹೆಂಡತಿಯ ಕಿಡ್ನಿ ಹೊತ್ತ ಗಂಡಂದಿರು ಸಾಲಾಗಿ ಕೂತಿರುತ್ತಾರೆ, ಹೆಂಡತಿಯರು ಬಿಲ್ಲಿನ ಸಾಲಿನಲ್ಲಿ ನಿಂತಿರುತ್ತಾರೆ. ದಾನಿ ಹೆಂಗಸಾದರೆ ಎಚ್ಚರ ಎಂಬ ನಿಯಮ ಒಳ್ಳೆಯದು ಎಂದೆನಲ್ಲ, ಆ ಸಾಲು ನೋಡಿಯೇ ಎಂದದ್ದು. ಹೆಂಗಸಾಗಿ ಪಡೆಯುವ ಕಡೆ ಕೂತ ನಾನು ಅಲ್ಲಿ ಕೊಂಚ ಅಪರೂಪದ ಪ್ರಾಣಿ. ಸೋದರಮಾವನ ಲೆಕ್ಕದಲ್ಲಿ ತಪ್ಪಾದದ್ದು ಅಲ್ಲೇ. ಹೆಣ್ಣು ಕೊಡುವ ಪಾಲಿನವಳು ಎಂದುಕೊಂಡು ಬಂದಿದ್ದರು, ಮೊದಲೇ ಪಡೆದವಳನ್ನು ಕಂಡು ಗಾಬರಿಯಾದರು.

ಇಲ್ಲಿಯವರೆಗೆ ದೂರು. ಈಗ ಒಂದು ತಪ್ಪೊಪ್ಪಿಗೆ, ಕಡತದಲ್ಲಿ ಇರಬೇಕಾದ್ದು.

2022ರಲ್ಲಿ ದೊಡ್ಡಮ್ಮನ ಮಗಳ ಮದುವೆ. ಮೂರು ದಿನ ಮನೆತುಂಬ ಜನ. ಕನ್ನಡಿಯಲ್ಲಿ ನನ್ನ ಮುಖ ಚಂದ್ರನಂತೆ, ಕವಿಗಳು ಹೇಳುವ ಚಂದ್ರನಲ್ಲ. ಆರತಿ ತಟ್ಟೆ ಹಿಡಿದರೆ ಕೈ ನಡುಗಿ ದೀಪ ಕುಣಿಯುತ್ತಿತ್ತು. "ಹುಡುಗಿಗೆ ಹೆದರಿಕೆ" ಎಂದು ಯಾರೋ ನಕ್ಕರು. ಆ ರಾತ್ರಿ ಒಂಬತ್ತಕ್ಕೆ ಫೋನು ಬಡಿದುಕೊಂಡಿತು, ಬಾಯಿ ಮುಚ್ಚಿಸಿದೆ. ಮಾರನೆಯ ದಿನವೂ ಮುಚ್ಚಿಸಿದೆ. ಅದರ ಮಾರನೆಯ ದಿನ ಕೈ ನಿಜವಾಗಿಯೂ ಕಡಿಮೆ ನಡುಗಿತು. ಮೂರು ದಿನ ನಾನು ಯಾರ ಕಸಿಯೂ ಅಲ್ಲದ, ಬರೀ ಮದುವೆಮನೆಯ ಹುಡುಗಿಯಾಗಿದ್ದೆ. ಹೇಳಬಾರದು, ಆದರೂ ಹೇಳುತ್ತೇನೆ: ಚೆನ್ನಾಗಿತ್ತು. ಆ ರುಚಿಗೆ ಮದುವೆ ಮುಗಿದ ಮೇಲೂ ಆಗೊಂದು ಈಗೊಂದು ಹೊತ್ತು ಮರೆತೆ. ಮರೆತೆ ಎನ್ನುವುದು ಕಚೇರಿಯ ಭಾಷೆ.

ತಾವು ಎದ್ದಿರಿ. ಏಳುವುದು ತಮ್ಮ ಕೆಲಸ. ಮುಂದಿನ ತಪಾಸಣೆಯಲ್ಲಿ 1.1 ಇದ್ದದ್ದು 2.3. ಓಪಿಡಿಯಿಂದ ನೇರ ವಾರ್ಡಿಗೆ. ಸೂಜಿ ಬಂದೂಕಿನಂತೆ ಟಿಕ್ ಎಂದು ಸದ್ದು ಮಾಡಿ ಅಮ್ಮನ ಕಿಡ್ನಿಯಿಂದ ಎರಡು ನೂಲೆಳೆ ತೆಗೆಯಿತು. ಆಮೇಲೆ ಅಲುಗಾಡದೆ ಮಲಗಿರಬೇಕು. ರಿಜೆಕ್ಷನ್ ಎಂದು ಬರೆದರು. ಪ್ರೇಮದಲ್ಲಿ, ಕೆಲಸದ ಅರ್ಜಿಯಲ್ಲಿ ಕೇಳಿದ್ದ ಪದ. ಮೂರು ದಿನ ರಕ್ತನಾಳಕ್ಕೆ ಸ್ಟೀರಾಯ್ಡ್ ಹರಿಸಿ ತಮ್ಮನ್ನು ಮತ್ತೆ ಮಲಗಿಸಿದರು. ಮಾತ್ರೆ ಸರಿಯಾಗಿ ತಗೊಳ್ತಿದ್ರಾ ಎಂದು ಡಾಕ್ಟರು ಕೇಳಿದಾಗ ಹೌದು ಎಂದೆ. ಅವರು ಲೆವೆಲ್ ನೋಡಿದರು, ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ.

ಅಮ್ಮನಿಗೆ ಸುಳ್ಳು ಹೇಳಲಾಗಲಿಲ್ಲ. ಅವಳು ಮಂಚದ ಪಕ್ಕ ಕೂತು ಮೂಸಂಬಿ ಸುಲಿಯುತ್ತಿದ್ದಳು. ಸುಲಿಯುವುದನ್ನು ನಿಲ್ಲಿಸದೆ, "ನನ್ನ ಹತ್ರ ಇನ್ನೊಂದೇ ಇರೋದು ಮಾರಾಯ್ತಿ" ಎಂದಳು. ಆ ಮೂಸಂಬಿಯನ್ನು ನನಗೆ ಕೊಡಬಹುದೋ ಬಾರದೋ ಎಂದು ಸಿಸ್ಟರನ್ನು ಕೇಳಲು ಎದ್ದು ಹೋದಳು.

ಕ್ರಿಯಾಟಿನಿನ್ 1.4ಕ್ಕೆ ಬಂದು ನಿಂತಿತು, ಮತ್ತೆ 1.1ಕ್ಕೆ ಇಳಿದಿಲ್ಲ. ಆ ನಡುವಿನ 0.3 ತಮ್ಮ ಲೆಕ್ಕಕ್ಕೆ ಬರೆಯುವಂಥದ್ದಲ್ಲ, ನನ್ನ ಖಾತೆಯದು. ಲೆಡ್ಜರಿನಲ್ಲಿ ಅದನ್ನು ಯಾವ ಶೀರ್ಷಿಕೆಯ ಕೆಳಗೆ ಹಾಕುವುದು ಎಂದು ಗುಮಾಸ್ತೆಯಾದ ನನಗೂ ತಿಳಿಯದು.

ಆದಕಾರಣ ತಮ್ಮಲ್ಲಿ ಕೋರಿಕೊಳ್ಳುವುದೇನೆಂದರೆ, ಪೂರ್ತಿ ಮಲಗುವುದು ಬೇಡ. ಮೂತ್ರದ ಸೋಂಕು, ನ್ಯುಮೋನಿಯಾ ಬಂದಾಗ ಒಂದು ಕಣ್ಣು ತೆರೆದಿರಲಿ. ಬಲಗಡೆ ಹಾದುಹೋಗುವಾಗ ಮಾತ್ರ ಆ ಕಣ್ಣನ್ನು ಅತ್ತ ತಿರುಗಿಸಬೇಡಿ. ಹತ್ತು ವರ್ಷವೋ, ಹದಿನೈದೋ, ಇಪ್ಪತ್ತು ದಾಟಿದವರೂ ಇದ್ದಾರೆ. ಅಷ್ಟು ದಿನ ಇದೊಂದು ಹೊಂದಾಣಿಕೆಯಲ್ಲಿ ಸಾಗಲಿ. ನನ್ನ ಕಡೆಯಿಂದ ಕಂತು ತಪ್ಪುವುದಿಲ್ಲ. ತಪ್ಪಿಸಿದವರಿಗೆ ನೋಟಿಸು ಬರೆಯುವ ಕೈಯೇ ಇದು.

ಎಂಟು ಐವತ್ತೆಂಟು. ಅಡುಗೆಮನೆಯಿಂದ ಅಮ್ಮ ಕೂಗುತ್ತಿದ್ದಾಳೆ, ಫೋನಿನ ಅಲಾರಮ್ಮಿನ ಮೇಲೆ 2022ರಿಂದ ಅವಳಿಗೆ ನಂಬಿಕೆಯಿಲ್ಲ.

ಇಂತಿ ತಮ್ಮ ವಿಶ್ವಾಸಿ,
(ಸಹಿ, ಕೈ ನಡುಗಿದ್ದರಿಂದ ಬ್ಯಾಂಕಿನಲ್ಲಿರುವುದಕ್ಕೆ ತಾಳೆಯಾಗದು)

ಲಗತ್ತು: ಟ್ಯಾಕ್ರೋ ಎರಡು, ಮೈಕೋಫಿನೊಲೇಟ್ ಒಂದು, ಅರ್ಧ ಲೋಟ ಕುದಿಸಿ ಆರಿಸಿದ ನೀರು.

ಪ್ರತಿ:
ಮುಂದಿನ ಅಪಾಯಿಂಟ್‌ಮೆಂಟಿನ ಫೈಲಿಗೆ, ಹನ್ನೊಂದು ಪ್ರಶ್ನೆಗಳ ಚೀಟಿಯೊಂದಿಗೆ.
ಅಮ್ಮನ ಬಲಕಿಡ್ನಿಗೆ, ಜೊತೆಗಾತಿ ಇಲ್ಲಿ 1.4ರಲ್ಲಿ ಕ್ಷೇಮವಾಗಿದ್ದಾಳೆ ಎಂಬ ಮಾಹಿತಿಗಾಗಿ.